ಮನೆಗೆ ಬರುವ ಲ್ಯಾಬ್, ಖಾಸಗಿ ಆಸ್ಪತ್ರೆ, ಊರಿನ ಆರೋಗ್ಯ ಕೇಂದ್ರ: ಮೂರು ಕಡೆ ಚೆಕಪ್ ಮಾಡಿಸಿಕೊಂಡ ಮೇಲೆ

ನಲವತ್ತು ದಾಟಿದ ಗೆಳತಿಯರು ಸೇರಿದಾಗ ಈಗ ಒಂದು ಮಾತು ಬಂದೇ ಬರುತ್ತದೆ. "ಚೆಕಪ್ ಮಾಡಿಸಿದ್ಯಾ? ಎಲ್ಲಿ?" ನಾನು ಮೂರು ಕಡೆ ಮಾಡಿಸಿಕೊಂಡಿದ್ದೇನೆ. ಮನೆಗೇ ಬಂದು ರಕ್ತ ತೆಗೆದುಕೊಳ್ಳುವ ಲ್ಯಾಬ್ ಪ್ಯಾಕೇಜ್, ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಮಾಸ್ಟರ್ ಹೆಲ್ತ್ ಚೆಕಪ್, ಹುಣಸೂರು ಕಡೆ ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರ. ಎಷ್ಟು ಪರೀಕ್ಷೆ, ಎಷ್ಟು ದುಡ್ಡು ಅಂತ ಎಲ್ಲರೂ ಕೇಳುತ್ತಾರೆ. ರಿಪೋರ್ಟಿನಲ್ಲಿ ಏನಾದರೂ ಹೆಚ್ಚು ಕಡಿಮೆ ಬಂದರೆ ಮುಂದೇನು ಅಂತ ಹೇಳುವವರು ಯಾರು? ನನಗೆ ಅದು ಎಲ್ಲಕ್ಕಿಂತ ಮುಖ್ಯ.

ಲ್ಯಾಬ್ ಪ್ಯಾಕೇಜಿನ ಅನುಕೂಲ ದೊಡ್ಡದು. ಖಾಲಿ ಹೊಟ್ಟೆಯಲ್ಲಿ ಕೂತಿದ್ದರೆ ಹುಡುಗ ಬಂದು ರಕ್ತ ತೆಗೆದುಕೊಂಡು ಹೋಗುತ್ತಾನೆ. ಆಮೇಲೆ ತಿಂಡಿ ತಿಂದು ಕೆಲಸಕ್ಕೆ ಹೊರಡಬಹುದು. ಶುಗರ್, ಕೊಲೆಸ್ಟ್ರಾಲ್, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ತೊಂದರೆ ಇರುವುದು ಮಹಿಳೆಯರಿಗೆ ಅಂತ ಜೊತೆಗೆ ಸೇರಿಸುವ ಕ್ಯಾನ್ಸರ್ ಮಾರ್ಕರ್‌ಗಳಲ್ಲಿ. ಕ್ಯಾನ್ಸರಿನ ಸುಳಿವು ಹುಡುಕುವ ರಕ್ತದ ಪರೀಕ್ಷೆಗಳು ಇವು. ನನ್ನ ಪ್ಯಾಕೇಜಿನಲ್ಲಿ ಸಿಎ-125 ಅನ್ನುವುದು ಇತ್ತು. ರಿಪೋರ್ಟ್ ರಾತ್ರಿ ವಾಟ್ಸಾಪಿಗೆ ಬಂತು. 35ರ ಒಳಗೆ ಇರಬೇಕಾದದ್ದು 58. ದಪ್ಪ ಅಕ್ಷರ, ಪಕ್ಕದಲ್ಲಿ ಬಾಣದ ಗುರುತು, ಕೆಳಗೆ ನಿಮ್ಮ ವೈದ್ಯರನ್ನು ಕಾಣಿ ಅಂತ ಒಂದು ಸಾಲು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಅವರೂ ಅದೇ ಸಾಲು ಓದಿದರು. ಮೊಬೈಲಿನಲ್ಲಿ ಹುಡುಕಿದರೆ ಮೊದಲು ಸಿಗುವುದೇ ಅಂಡಾಶಯದ ಕ್ಯಾನ್ಸರ್. ಯಜಮಾನರನ್ನು ಎಬ್ಬಿಸಿ ಹೇಳಿದೆ. ಇಬ್ಬರಿಗೂ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದೇ "ರಕ್ತ ಕೊಟ್ಟಾಗ ಮುಟ್ಟಾಗಿದ್ರಾ ಅಮ್ಮ?" ಅಂತ. ಹೌದು, ಎರಡನೇ ದಿನ. ಅಂಡಾಶಯದ ಕ್ಯಾನ್ಸರಿನಲ್ಲಿ ಸಿಎ-125 ಏರುತ್ತದೆ, ನಿಜ. ಆದರೆ ಮುಟ್ಟಿನಲ್ಲಿ, ಬಸಿರಿನಲ್ಲಿ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದರೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗಡೆ ಬೆಳೆಯುವುದು) ಇದ್ದರೆ, ಲಿವರ್ ಕೆಟ್ಟಿದ್ದರೂ ಏರುತ್ತದೆ. ಸ್ಕ್ಯಾನ್ ಮಾಡಿಸಿದಾಗ ಸಣ್ಣ ಫೈಬ್ರಾಯ್ಡ್ ಕಂಡಿತು, ಅಂಡಾಶಯ ಎರಡೂ ಸರಿ ಇದ್ದವು. ಮುಟ್ಟು ಮುಗಿದ ಮೇಲೆ ಮತ್ತೆ ರಕ್ತ ಕೊಟ್ಟಾಗ ಸಂಖ್ಯೆ ಇಳಿದಿತ್ತು.

ಈ ಪರೀಕ್ಷೆಯ ಬಗ್ಗೆ ಬ್ರಿಟನ್ನಿನಲ್ಲಿ ಮುಟ್ಟು ನಿಂತ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಅಧ್ಯಯನ ನಡೆದಿದೆ. ಕೆಲವರಿಗೆ ವರ್ಷ ವರ್ಷ ಸಿಎ-125 ನೋಡಿದರು, ಕೆಲವರಿಗೆ ಸ್ಕ್ಯಾನ್ ಮಾಡಿದರು, ಉಳಿದವರಿಗೆ ಏನೂ ಮಾಡಲಿಲ್ಲ. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ, ತಪಾಸಣೆ ಮಾಡಿದ್ದರಿಂದ ಅಂಡಾಶಯದ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ. ಯಾವ ತೊಂದರೆಯೂ ಇಲ್ಲದ, ಮನೆತನದಲ್ಲಿ ಆ ಕಾಯಿಲೆ ಇಲ್ಲದ ಹೆಂಗಸರಿಗೆ ಇದನ್ನು ಪ್ಯಾಕೇಜಿನಲ್ಲಿ ಸೇರಿಸಿ ಮಾರುವುದು ನನಗೆ ಸಿಟ್ಟು ತರಿಸುತ್ತದೆ.

ಇನ್ನೊಂದು ಲೆಕ್ಕವೂ ಗೊತ್ತಿರಲಿ. ನಾರ್ಮಲ್ ಅನ್ನುವ ಗೆರೆಯನ್ನು ಸಾಮಾನ್ಯವಾಗಿ ನೂರು ಆರೋಗ್ಯವಂತರಲ್ಲಿ 95 ಜನ ಒಳಗೆ ಬರುವಂತೆ ಹಾಕಿರುತ್ತಾರೆ. ಒಂದಕ್ಕೊಂದು ಸಂಬಂಧ ಇಲ್ಲದ 20 ಪರೀಕ್ಷೆ ಮಾಡಿಸಿದರೆ, ಚೆನ್ನಾಗಿರುವವರಿಗೂ ಒಂದಾದರೂ ಗೆರೆ ದಾಟುವ ಸಾಧ್ಯತೆ ನೂರಕ್ಕೆ 64ರಷ್ಟು. ಎಪ್ಪತ್ತು ಎಂಬತ್ತು ಪರೀಕ್ಷೆ ಇರುವ ಪ್ಯಾಕೇಜಿನಲ್ಲಿ ಒಂದೂ ಕೆಂಪು ಗುರುತು ಇಲ್ಲದ ರಿಪೋರ್ಟ್ ಸಿಗುವುದೇ ಅಪರೂಪ.

ಖಾಸಗಿ ಆಸ್ಪತ್ರೆಯ ಚೆಕಪ್‌ಗೆ ಹಲವು ಪಟ್ಟು ದುಡ್ಡು ಕೊಟ್ಟೆ. ನನಗೆ ಬೇಕಾಗಿದ್ದ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ಅಲ್ಲಿತ್ತು. ಎದೆಯನ್ನು ಎರಡು ಪ್ಲೇಟ್‌ಗಳ ನಡುವೆ ಒತ್ತುವಾಗ ನೋವಾಗುತ್ತದೆ, ಆದರೆ ಕೆಲವು ಸೆಕೆಂಡು ಅಷ್ಟೇ. ಮುಟ್ಟಿಗೆ ಮುಂಚಿನ ವಾರ ಹೋಗಬೇಡಿ, ನೋವು ಜಾಸ್ತಿ. ಅವತ್ತು ಕಂಕುಳಿಗೆ ಪೌಡರ್ ಹಾಕಬೇಡಿ, ಚಿತ್ರದಲ್ಲಿ ಚುಕ್ಕಿಗಳಂತೆ ಕಾಣಬಹುದು. ಮ್ಯಾಮೊಗ್ರಾಂ ನೋಡಿ ಬೈರಾಡ್ಸ್ ಅಂತ ಒಂದು ಅಂಕೆ ಕೊಡುತ್ತಾರೆ. ನನ್ನ ಚಿತ್ರಕ್ಕೆ ಸೊನ್ನೆ ಅಂತ ಬಂತು. ಎದೆ ಝಲ್ಲೆಂದಿತು. ರೇಡಿಯಾಲಜಿಸ್ಟ್ ನನ್ನನ್ನು ಒಳಗೆ ಕರೆದು ಕೂರಿಸಿಕೊಂಡರು. "ಸೊನ್ನೆ ಅಂದ್ರೆ ಇನ್ನೂ ಸರಿಯಾಗಿ ಕಾಣ್ಬೇಕು ಅಂತ, ಕಾಯಿಲೆ ಇದೆ ಅಂತಲ್ಲ" ಅಂದರು. 1 ಮತ್ತು 2 ಬಂದರೆ ಚಿಂತೆ ಇಲ್ಲ. 3 ಬಂದರೆ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ, ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2ಕ್ಕಿಂತ ಹೆಚ್ಚಿರುವುದಿಲ್ಲ. 4 ಮತ್ತು 5 ಬಂದರೆ ಸೂಜಿ ಹಾಕಿ ತುಣುಕು ತೆಗೆದು ಬಯಾಪ್ಸಿ. ಮಧ್ಯಾಹ್ನವೇ ಅಲ್ಟ್ರಾಸೌಂಡ್ ಮಾಡಿದರು, 2 ಬಂತು, ನೀರುಗುಳ್ಳೆ. ಹೆದರಿಕೆ ಇಲ್ಲೂ ಆಯಿತು. ಆದರೆ ಜೊತೆಗೆ ಒಬ್ಬರು ಇದ್ದರು, ಸಂಜೆಯೊಳಗೆ ಉತ್ತರ ಸಿಕ್ಕಿತು. ಪ್ಯಾಕೇಜಿನ ಉಳಿದ ವಿಷಯ ಅಷ್ಟು ಹೇಳಿಕೊಳ್ಳುವಂತಿಲ್ಲ. ಕೊನೆಗೆ ಫೈಲ್ ನೋಡಿದ ಫಿಜಿಶಿಯನ್ ಕುರ್ಚಿಯಲ್ಲಿ ಸರಿಯಾಗಿ ಕೂರುವಷ್ಟೂ ಸಮಯ ಕೊಡಲಿಲ್ಲ.

ಊರಿನ ಆರೋಗ್ಯ ಕೇಂದ್ರಕ್ಕೆ ಆಶಾ ಕಾರ್ಯಕರ್ತೆ ಕರೆದಿದ್ದರು. ತಮ್ಮನ ಹೆಂಡತಿಯ ಜೊತೆ ಹೋದೆ. 30 ದಾಟಿದ ಎಲ್ಲರಿಗೂ ಬಿಪಿ, ಶುಗರ್ ನೋಡುವ, ಬಾಯಿ, ಸ್ತನ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಮಾಡುವ ಸರ್ಕಾರದ ಕಾರ್ಯಕ್ರಮ ಇದು. ದುಡ್ಡಿಲ್ಲ. ಮ್ಯಾಮೊಗ್ರಾಂ ಇಲ್ಲ, ಸ್ತನವನ್ನು ಕೈಯಿಂದ ಮುಟ್ಟಿ ನೋಡುತ್ತಾರೆ. ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ದ್ರಾವಣ ಹಚ್ಚಿ ಒಂದು ನಿಮಿಷ ಕಾದು, ಬಿಳಿ ಮಚ್ಚೆ ಮೂಡುತ್ತದಾ ಅಂತ ನೋಡುತ್ತಾರೆ. ಇದಕ್ಕೆ ವಿಐಎ ಅನ್ನುತ್ತಾರೆ. ಉತ್ತರ ಆಗಲೇ ಗೊತ್ತಾಗುತ್ತದೆ. ನಾದಿನಿಗೆ ಮಚ್ಚೆ ಕಂಡಿತು. ಸಿಸ್ಟರ್ ಅಲ್ಲೇ ಅವಳ ಕೈ ಹಿಡಿದುಕೊಂಡು, ಇದು ಕ್ಯಾನ್ಸರ್ ಅಂತಲ್ಲ ಕಣಮ್ಮ, ಬರೀ ಸೋಂಕಿದ್ದರೂ ಕಾಣುತ್ತೆ ಅಂದರು. ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಸೋಂಕು ಅಂತಲೇ ಆಯಿತು. ಕೊರತೆ ಅಂದರೆ ಪರದೆ ಒಂದೇ ಇತ್ತು, ಸಾಲು ಉದ್ದ ಇತ್ತು. ಹೆಂಗಸರು ನಾಚಿಕೊಂಡು ವಾಪಸ್ ಹೋಗುವುದನ್ನೂ ನೋಡಿದೆ, ಬೇಜಾರಾಯಿತು.

ನನ್ನನ್ನು ಕೇಳಿದರೆ ನಾನು ಒಂದನ್ನೇ ಆರಿಸುವುದಿಲ್ಲ. ಈಗ ನಮ್ಮ ಡಾಕ್ಟರೇ ವಯಸ್ಸು, ಮನೆತನದ ಕಾಯಿಲೆ ನೋಡಿ ಚಿಕ್ಕ ಪಟ್ಟಿ ಬರೆದುಕೊಡುತ್ತಾರೆ. ರಕ್ತದ ಪರೀಕ್ಷೆ ಲ್ಯಾಬಿನವರಿಂದ, ಪಟ್ಟಿಯಲ್ಲಿ ಇರುವಷ್ಟೇ. ಮ್ಯಾಮೊಗ್ರಾಂ ಆಸ್ಪತ್ರೆಯಲ್ಲಿ, ಪ್ಯಾಕೇಜ್ ಇಲ್ಲದೆ ಬಿಡಿಯಾಗಿ. ಗರ್ಭಕೋಶದ ಬಾಯಿಗೆ ಎಚ್‌ಪಿವಿ ಪರೀಕ್ಷೆ (ಆ ಕ್ಯಾನ್ಸರ್ ತರುವ ವೈರಸ್ ಇದೆಯಾ ಅಂತ ನೋಡುವುದು) ಸಿಕ್ಕರೆ ಅದು, ವಿಶ್ವ ಆರೋಗ್ಯ ಸಂಸ್ಥೆ ಮೊದಲು ಹೇಳುವುದೂ ಅದನ್ನೇ. ಸಿಗದಿದ್ದರೆ ವಿಐಎ ಖಂಡಿತ ಮಾಡಿಸಿ, ಸುಮ್ನೆ ಬಿಡಬೇಡಿ. ಎಚ್‌ಪಿವಿ ಪಾಸಿಟಿವ್ ಬಂದರೆ ಗಾಬರಿ ಬೇಡ. ಹೆಚ್ಚಿನವರಿಗೆ ಆ ಸೋಂಕು ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ, ಆದರೆ ಹೇಳಿದ ದಿನಕ್ಕೆ ಮತ್ತೆ ತೋರಿಸಲೇಬೇಕು.

ರಿಪೋರ್ಟನ್ನು ಈಗ ರಾತ್ರಿ ತೆರೆಯುವುದಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಯಜಮಾನರೋ ತಂಗಿಯೋ ಜೊತೆಗಿರುತ್ತಾರೆ, ಹೆದರಿದಾಗ ಒಬ್ಬರ ಕಿವಿಗೆ ಅರ್ಧ ಮಾತೇ ಬೀಳುವುದು. ಇದು ಬೇರೆ ಯಾವ ಕಾರಣಕ್ಕೆ ಏರಬಹುದು, ಮತ್ತೆ ಯಾವಾಗ ನೋಡಬೇಕು, ಕಾದರೆ ಏನಾದರೂ ಕೆಡುತ್ತದಾ ಅಂತ ಚೀಟಿಯಲ್ಲಿ ಬರೆದುಕೊಂಡೇ ಹೋಗುತ್ತೇನೆ.

ಒಂದು ಮಾತ್ರ ನೆನಪಿಡಿ. ಇದೆಲ್ಲಾ ಯಾವ ತೊಂದರೆಯೂ ಇಲ್ಲದವರಿಗೆ. ಎದೆಯಲ್ಲಿ ಗಂಟು ಸಿಕ್ಕರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಹೊಟ್ಟೆ ಉಬ್ಬರ ವಾರಗಟ್ಟಲೆ ಇಳಿಯದಿದ್ದರೆ ಪ್ಯಾಕೇಜ್, ಶಿಬಿರ ಅಂತ ಕಾಯಬೇಡಿ. ಅದೇ ವಾರ ಡಾಕ್ಟರಿಗೆ ತೋರಿಸಿ.