ಸೀಲ್ ಇದೆ ಅಂತ ನಂಬಬೇಡಿ: ನಕಲಿ ಆಯಿಲ್‌ನಿಂದ ನಮ್ಮ ಟ್ರ್ಯಾಕ್ಟರ್ ಇಂಜಿನ್ ಹೋಯ್ತು

ಕಾರಟಗಿ, ಗಂಗಾವತಿ, ಸಿಂಧನೂರು ಕಡೆ ಟ್ರ್ಯಾಕ್ಟರ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಎಲ್ಲರೂ ಆಯಿಲ್ ಬದಲಾಯಿಸುತ್ತಾರೆ. ನಕಲಿ ಮಾಡುವವರಿಗೂ ಅದು ಗೊತ್ತು. ಈ ಸಲ ನಾಟಿ ಹಂಗಾಮಿನ ನಡುವೆ ನಮ್ಮ ಮನೆಯ ಗಾಡಿ ಗದ್ದೆಯಲ್ಲೇ ನಿಂತುಬಿಟ್ಟಿತು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ ಮೇಲೂ ಹೀಗಾಯಿತು ಅನ್ನುವುದೇ ಹೊಟ್ಟೆ ಉರಿಸುವ ವಿಷಯ.

ನಮ್ಮ ಗಾಡಿಯನ್ನು ತಮ್ಮನೇ ಓಡಿಸುತ್ತಾನೆ, ಬೇರೆ ಯಾರ ಕೈಗೂ ಕೊಡುವುದಿಲ್ಲ. ಮೀಟರ್‌ನಲ್ಲಿ 250 ಗಂಟೆ ಆಗುತ್ತಿದ್ದಂತೆ ಆಯಿಲ್ ಮತ್ತು ಫಿಲ್ಟರ್ ಎರಡೂ ಹೊಸದು. ನಮ್ಮ ಗಾಡಿಯ ಪುಸ್ತಕದಲ್ಲಿ ಇರುವುದೂ ಹಾಗೇ. ಈ ಸಲವೂ ಪುಸ್ತಕದಲ್ಲಿ ಹೇಳಿದ 15ಡಬ್ಲ್ಯೂ-40 ಆಯಿಲೇ ತಂದ, ಹೆಸರಿರುವ ಕಂಪನಿಯದೇ ಬಕೆಟ್. ಮುಚ್ಚಳ ಗಟ್ಟಿ, ಸೀಲ್ ಸರಿ, ಲೇಬಲ್ ಸರಿ, ಬಣ್ಣವೂ ಚೆನ್ನಾಗಿತ್ತು. ಪಕ್ಕಾ ಬಿಲ್ ಕೇಳಿದಾಗ ಅಂಗಡಿಯವರು ಕೊಟ್ಟಿದ್ದು 'ಎಸ್ಟಿಮೇಟ್' ಅಂತ ಬರೆದ ಬಿಳಿ ಚೀಟಿ. ಅಂಗಡಿಯ ಹೆಸರಿಲ್ಲ, ಸಹಿ ಇಲ್ಲ. "ಪ್ರಿಂಟರ್ ಕೆಟ್ಟದ, ಆಮೇಲೆ ಬಂದು ಒಯ್ಯಿರಿ" ಅಂದರಂತೆ.

ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಕೆಸರು ಹೊಡೆಯುವುದು ಎಂಥ ಕೆಲಸ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಗಾಡಿ ಹೋಗುವುದು ನಿಧಾನ, ಇಂಜಿನ್ ತಿರುಗುವುದು ಜೋರು, ಬೆಳಗಿಂದ ಸಂಜೆವರೆಗೂ ಪೂರ್ತಿ ಭಾರ. ರೇಡಿಯೇಟರ್ ಜಾಲರಿಗೆ ಹೊಟ್ಟು, ಕೆಸರು ಮೆತ್ತಿಕೊಂಡು ಬಿಸಿ ಇನ್ನೂ ಏರುತ್ತದೆ. ಅದಕ್ಕೇ ತಮ್ಮ ದಿನಾ ಸಂಜೆ ಜಾಲರಿ ತೊಳೆಯುತ್ತಾನೆ. ಅವತ್ತು ಒಂದು ಕ್ಯಾಂಪಿನ ಹತ್ತಿರ ಬಾಡಿಗೆಗೆ ಹೋಗಿದ್ದ. ಬದುವಿನ ಹತ್ತಿರ ಗಾಡಿ ನಿಲ್ಲಿಸಿ ರೇಸ್ ಇಳಿಸಿದ ಕೂಡಲೇ ಆಯಿಲ್ ಪ್ರೆಶರ್‌ನ ಕೆಂಪು ದೀಪ ಮಿಣುಕ್ ಅಂದಿದೆ. ರೇಸ್ ಕೊಟ್ಟರೆ ಆರುತ್ತದೆ, ಬಿಟ್ಟರೆ ಮತ್ತೆ ಹತ್ತುತ್ತದೆ. ಕೂಡಲೇ ಇಂಜಿನ್ ಬಂದ್ ಮಾಡಿದ. ಗೇಜ್ ಕಡ್ಡಿ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಗೇ ಇತ್ತು. ಆದರೆ ನಿಲ್ಲಿಸುವ ಮೊದಲೇ ಕೆಳಗಿನಿಂದ ಟಕ್ ಟಕ್ ಅನ್ನುವ ಸದ್ದು ಶುರುವಾಗಿತ್ತು.

ಇಂಜಿನ್ ಬಿಸಿಯಾಗಿ ರೇಸ್ ಇಳಿದಾಗ ಮಾತ್ರ ದೀಪ ಹತ್ತಿದರೆ ಅದನ್ನು ಸಣ್ಣದು ಅಂದುಕೊಳ್ಳಬೇಡಿ. ಆಯಿಲ್ ಕಾದು ನೀರಾಗಿದ್ದರೆ ಪ್ರೆಶರ್ ಬೀಳುವುದು ಮೊದಲು ಅಲ್ಲೇ. ವೈರಿಂಗ್ ಲೂಸ್ ಇರಬೇಕು, ಈ ಮಡಿ ಮುಗಿಸಿ ನೋಡೋಣ ಅಂತ ಜನ ಓಡಿಸುತ್ತಾರೆ. ಒಂದು ಮಡಿ ಮುಗಿಯುವುದರೊಳಗೆ ಕ್ರ್ಯಾಂಕ್, ಅಂದರೆ ಇಂಜಿನ್ ಒಳಗೆ ತಿರುಗುವ ಮುಖ್ಯ ದಂಡ, ಕಚ್ಚಿಕೊಂಡು ಬಿಡಬಹುದು.

ಇನ್ನೊಂದು ಟ್ರ್ಯಾಕ್ಟರ್‌ನಿಂದ ಎಳೆಸಿ ತಂದೆವು. ಮೇಸ್ತ್ರಿ ಇಂಜಿನ್ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿದಾಗ ನಾನೂ ಪಕ್ಕದಲ್ಲೇ ಇದ್ದೆ. ಆಯಿಲ್ ಇಳಿಸಿದ ಮೇಲೂ ತಳದಲ್ಲಿ ಕರೀ ಗಂಜಿಯಂಥದ್ದು ದಪ್ಪಗೆ ಕೂತಿತ್ತು. ಪಂಪ್ ಆಯಿಲ್ ಎಳೆದುಕೊಳ್ಳುವ ಜಾಲರಿ ಮುಕ್ಕಾಲು ಭಾಗ ಮುಚ್ಚಿಹೋಗಿತ್ತು. ಕ್ರ್ಯಾಂಕ್ ಸುತ್ತ ಕೂರುವ ರಾಡ್ ಬೇರಿಂಗ್ ಬಿಚ್ಚಿ ಅಂಗೈ ಮೇಲೆ ಇಟ್ಟರು. ಬೆಳ್ಳಗೆ ನುಣ್ಣಗೆ ಇರಬೇಕಾದ ಮೇಲಿನ ಪದರ ಪೂರ್ತಿ ಹೋಗಿ ಒಳಗಿನ ತಾಮ್ರ ಕೆಂಪಗೆ ಕಾಣುತ್ತಿತ್ತು. ಕ್ರ್ಯಾಂಕ್ ಮೇಲೆ ಉಗುರು ಎಳೆದರೆ ಗೆರೆಗೆ ಸಿಕ್ಕಿಕೊಳ್ಳುತ್ತಿತ್ತು, ಒಂದು ಕಡೆ ಬಿಸಿಗೆ ನೀಲಿ ತಿರುಗಿತ್ತು. ಮೇಸ್ತ್ರಿ ಹೇಳಿದ್ದು ಒಂದೇ ಮಾತು: "ಎಣ್ಣಿ ಕಡಿಮಿ ಬಿದ್ದಿಲ್ಲ ತಮ್ಮಾ, ಇದು ಎಣ್ಣೀನ ಅಲ್ಲ."

ಬಕೆಟ್‌ನಲ್ಲಿ ಸ್ವಲ್ಪ ಆಯಿಲ್ ಉಳಿದಿತ್ತು. ಅಲುಗಾಡಿಸದೆ ನಿಧಾನಕ್ಕೆ ಬಗ್ಗಿಸಿ ಸುರಿದೆವು. ತಳದಲ್ಲಿ ಕಪ್ಪು ಗಸಿ ಅಂಟಿಕೊಂಡಿತ್ತು. ಒಳ್ಳೆಯ ಹೊಸ ಆಯಿಲ್‌ನಲ್ಲಿ ಹೀಗೆ ಗಸಿ ಕೂರುವುದಿಲ್ಲ. ಗಾಡಿಗಳಿಂದ ಇಳಿಸಿದ ಹಳೇ ಆಯಿಲನ್ನೇ ಸೋಸಿ, ಬಣ್ಣ ತಿಳಿಮಾಡಿ, ಅಸಲಿ ಖಾಲಿ ಬಕೆಟ್‌ಗೆ ತುಂಬಿದ್ದಾರೆ ಅನ್ನುವುದು ಮೇಸ್ತ್ರಿಯ ಲೆಕ್ಕ. ನನಗೂ ಹಾಗೇ ಅನಿಸುತ್ತದೆ.

ಇಂಜಿನ್ ಒಳಗೆ ಬೇರಿಂಗ್ ಮತ್ತು ಕ್ರ್ಯಾಂಕ್ ಒಂದಕ್ಕೊಂದು ತಾಗಲೇಬಾರದು. ನಡುವೆ ಕೂದಲಿಗಿಂತ ತೆಳುವಾದ ಆಯಿಲ್ ಪದರ ಇರುತ್ತದೆ, ಅದೇ ಎಲ್ಲ ಭಾರ ಹೊರುವುದು. 15ಡಬ್ಲ್ಯೂ-40ರಲ್ಲಿ 40 ಅಂದರೆ 100 ಡಿಗ್ರಿ ಬಿಸಿಯಲ್ಲೂ ಆಯಿಲ್ ಇಷ್ಟು ದಪ್ಪ ಉಳಿಯಬೇಕು ಅನ್ನುವ ಲೆಕ್ಕ. ಅದನ್ನು ಹಿಡಿದಿಡುವುದು ಆಯಿಲ್‌ಗೆ ಸೇರಿಸಿದ ಮದ್ದು. ಮಸಿಯನ್ನು ಗಂಟು ಕಟ್ಟದಂತೆ ತೇಲಿಸಿ ಇಡುವುದಕ್ಕೆ ಬೇರೆ ಮದ್ದು, ಸವೆತ ತಡೆಯುವುದಕ್ಕೆ ಬೇರೆ ಮದ್ದು. ನಕಲಿಯಲ್ಲಿ ಇವು ಯಾವುವೂ ಸರಿಯಾಗಿ ಇರುವುದಿಲ್ಲ. ತಣ್ಣಗಿದ್ದಾಗ ಬೆರಳಲ್ಲಿ ತಿಕ್ಕಿ "ಜಿಗಿ ಚೆನ್ನಾಗಿದೆ" ಅನ್ನುವುದಕ್ಕೆ ಅರ್ಥವೇ ಇಲ್ಲ. ಬಿಸಿಯಾದ ಮೇಲೆ ಏನಾಗುತ್ತದೆ ಅಂತ ಬೆರಳಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಮಾತು. ಡೀಸೆಲ್ ಗಾಡಿಯ ಆಯಿಲ್ ಬೇಗ ಕಪ್ಪಾಯಿತು ಅಂತ ಹೆದರಬೇಡಿ. ಒಳ್ಳೆಯ ಆಯಿಲ್ ಮಸಿಯನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ, ಹಾಗಾಗಿ ಕಪ್ಪಾಗುತ್ತದೆ. ಹೆದರಬೇಕಾದ್ದು ಹಾಲು ಬೆರೆಸಿದ ಹಾಗೆ ಬೆಳ್ಳಗಾದರೆ, ಆಗ ಒಳಗೆ ನೀರು ಸೇರಿದೆ ಅಂತ. ಸುಮ್ನೆ ನಿಂತ ಗಾಡಿಯಲ್ಲಿ ಕಡ್ಡಿಯ ಮಟ್ಟ ತಾನಾಗೇ ಏರುತ್ತಿದ್ದರೆ ಆಯಿಲ್‌ಗೆ ಡೀಸೆಲ್ ಇಳಿಯುತ್ತಿರಬಹುದು. ಎರಡರಲ್ಲಿ ಯಾವುದು ಕಂಡರೂ ಸ್ಟಾರ್ಟ್ ಮಾಡಬೇಡಿ.

ಅಂಗಡಿಗೆ ಹೋಗಿ ಕೇಳಿದೆವು. ಮೊದಲು "ಫಿಲ್ಟರ್ ಡೂಪ್ಲಿಕೇಟ್ ಇರಬೇಕು" ಅಂದರು. ಫಿಲ್ಟರ್ ಕಂಪನಿ ಶೋರೂಮಿನದು, ಅದಕ್ಕೆ ಬಿಲ್ ಇದೆ ಅಂದಾಗ "ನಿಮ್ಮ ಹುಡುಗ ಹೆಂಗ ಓಡಿಸ್ಯಾನೋ ಏನೋ" ಅಂದರು. ಕೊನೆಗೆ ಆ ಬಿಳಿ ಚೀಟಿ ತೋರಿಸಿದರೆ, "ಇದು ನಮ್ಮ ಅಂಗಡೀದ ಅನ್ನೋಕೆ ಏನು ಸಾಕ್ಷಿ?" ನನಗೆ ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಆ ಮಾತಿಗೆ. ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಬೇರಿಂಗ್, ಆಯಿಲ್ ಪಂಪ್, ಕೂಲಿ ಎಲ್ಲ ನಮ್ಮ ತಲೆಗೇ ಬಂತು. ದುಡ್ಡು ಹೋದರೆ ಹೋಗಲಿ ಅನ್ನಬಹುದು. ಆದರೆ ವರ್ಷದ ಬಾಡಿಗೆ ದುಡಿಯುವುದೇ ಆ ಕೆಲವು ವಾರದಲ್ಲಿ. ಒಪ್ಪಿಕೊಂಡ ಹೊಲಗಳಿಗೆ ಬೇರೆಯವರ ಗಾಡಿ ಹೋಯಿತು.

ಆಯಿಲ್ ತರುವಾಗ ಕಂಪನಿಯ ಅಧಿಕೃತ ಡೀಲರ್ ಯಾರು ಅಂತ ಕಂಪನಿಯ ಸಹಾಯವಾಣಿಗೇ ಫೋನ್ ಮಾಡಿ ಕೇಳಿ, ನಂಬರ್ ಡಬ್ಬಿಯ ಮೇಲಲ್ಲ, ಅವರ ಸ್ವಂತ ವೆಬ್‌ಸೈಟ್‌ನಲ್ಲಿ ನೋಡಿ. ಕ್ಯೂಆರ್ ಕೋಡ್ ಇದ್ದರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ. ಬ್ಯಾಚ್ ನಂಬರ್, ತಯಾರಾದ ತಿಂಗಳು ಉಜ್ಜಿದರೆ ಅಳಿಸಿಹೋಗುವಂತಿದ್ದರೆ ವಾಪಸ್ ಕೊಡಿ. ಜಿಎಸ್‌ಟಿ ಬಿಲ್ ಇಲ್ಲ ಅಂದರೆ ಆಯಿಲೂ ಬೇಡ ಅನ್ನಿ, ಅದರಲ್ಲಿ ಬ್ಯಾಚ್ ನಂಬರ್ ಬರೆಸಿದರೆ ಇನ್ನೂ ಒಳ್ಳೆಯದು. ಹಾಕುವ ಮುಂಚೆ ಒಂದು ಶುಚಿಯಾದ ಗಾಜಿನ ಬಾಟಲಿಗೆ ಅರ್ಧ ಲೀಟರ್ ತೆಗೆದು, ದಿನಾಂಕ ಬರೆದು ಎತ್ತಿಡಿ.

ಖಾಲಿ ಬಕೆಟ್ ವಿಷಯ ಇನ್ನೂ ಮುಖ್ಯ. ಗೊಬ್ಬರ ಎರಚೋಕೆ ಬರುತ್ತದೆ ಅಂತ ಮನೆಯಲ್ಲಿ ಇಟ್ಟುಕೊಂಡರೆ ಪರವಾಗಿಲ್ಲ. ಗುಜರಿಗೆ ಹಾಕುವುದಾದರೆ ಲೇಬಲ್ ಕೆರೆದು, ತಳಕ್ಕೆ ತೂತು ಹೊಡೆದು, ಮುಚ್ಚಳ ಮುರಿದೇ ಹಾಕಿ. ಗುಜರಿಯವರು ಮುಚ್ಚಳ ಸಮೇತ ಇರುವ ಚೊಕ್ಕ ಬಕೆಟ್‌ಗೆ ಜಾಸ್ತಿ ದುಡ್ಡು ಕೊಡುತ್ತೇನೆ ಅಂದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಯೋಚನೆ ಮಾಡಿ. ಇಳಿಸಿದ ಹಳೇ ಆಯಿಲ್ ಕೂಡ ಅಷ್ಟೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಮತ್ತೆ ಶುದ್ಧ ಮಾಡುವುದಕ್ಕೆ ಅನುಮತಿ ಪಡೆದ ಘಟಕಗಳೇ ಬೇರೆ ಇವೆ, ಸಿಕ್ಕವರಿಗೆಲ್ಲ ಮಾರುವಂತಿಲ್ಲ.

ನಿಮಗೂ ಹೀಗೆ ಆಗಿದ್ದರೆ ಸುಮ್ಮನೆ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸುತ್ತೀರಿ, ಅದು ವ್ಯಾಪಾರ, ನೀವು ಗ್ರಾಹಕರೇ ಅಲ್ಲ ಅಂತ ಅಂಗಡಿಯವರು ವಾದ ಹೂಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತು ವ್ಯಾಪಾರದ ಲೆಕ್ಕಕ್ಕೆ ಬರುವುದಿಲ್ಲ. ಆ ಕಂಪನಿಗೂ ಬರೆಯಿರಿ. ಅವರ ಹೆಸರಲ್ಲಿ ನಕಲಿ ಮಾರುತ್ತಿದ್ದಾರೆ ಅಂದರೆ ಮಾದರಿ ಪರೀಕ್ಷೆ ಮಾಡಿಸುವ ಗರಜು ಅವರಿಗೂ ಇರುತ್ತದೆ. ನಾವು ಉಳಿದ ಆಯಿಲ್, ಬೇರಿಂಗ್ ಮತ್ತು ಬಕೆಟ್ ಮೂರನ್ನೂ ಎತ್ತಿಟ್ಟು ಕಂಪನಿಗೆ ದೂರು ಬರೆದಿದ್ದೇವೆ. ಈ ಹಂಗಾಮಿನಲ್ಲಿ ಆಯಿಲ್ ತಂದು ಹಾಕಿರುವವರು ಉಳಿದ ಡಬ್ಬಿಯ ತಳ ಇವತ್ತೇ ಒಮ್ಮೆ ಬಗ್ಗಿಸಿ ನೋಡಿ, ಗಸಿ ಕಂಡರೆ ನಾಳೆ ಬೆಳಗ್ಗೆ ಗಾಡಿ ಹೊರಗೆ ತೆಗೆಯುವ ಮೊದಲೇ ಇಂಜಿನ್‌ನಿಂದ ಆ ಆಯಿಲ್ ಇಳಿಸಿಬಿಡಿ.