ಓಪನ್ ಸೋರ್ಸ್ ಗೇಮ್‌ಗಳ ಪಟ್ಟಿ: ಶೀಟ್, ವಿಕಿ, ಗಿಟ್ ಮೂರರಲ್ಲಿ ಯಾವುದು ಬಾಳುತ್ತದೆ?

ಓಪನ್ ಸೋರ್ಸ್ ಗೇಮ್‌ಗಳ (ಮೂಲ ಕೋಡ್ ಎಲ್ಲರಿಗೂ ಮುಕ್ತವಾಗಿರುವ ಗೇಮ್‌ಗಳ) ಪಟ್ಟಿಗೆ ಹೊಸ ಹೆಸರು ಸೇರಿಸುವುದು ಸುಲಭ. ಹಾಗೆ ಸೇರಿಸಿದ ಮಾಹಿತಿ ಕೆಲವು ವರ್ಷ ಕಳೆದ ಮೇಲೂ ಸರಿಯಾಗಿದೆಯಾ ಎಂದು ನೋಡಿಕೊಳ್ಳುವುದೇ ದೊಡ್ಡ ಕೆಲಸ. ಗೆಳೆಯರ ಜೊತೆ ಇಂಥ ಪಟ್ಟಿಯನ್ನು ನಡೆಸುತ್ತಾ ನಾನು ಸ್ಪ್ರೆಡ್‌ಶೀಟ್, ವಿಕಿ ಮತ್ತು ಗಿಟ್ (ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ ವ್ಯವಸ್ಥೆ) ಮೂರನ್ನೂ ಬಳಸಿದ್ದೇನೆ. ಹೊಸದನ್ನು ಸೇರಿಸಲು ಯಾವುದು ಸಲೀಸು ಅನ್ನುವುದಕ್ಕಿಂತ, ಹಳೆಯದನ್ನು ಮತ್ತೆ ಪರೀಕ್ಷಿಸಲು ಯಾವುದು ನೆರವಾಗುತ್ತದೆ ಅನ್ನುವುದೇ ನನಗೆ ಮುಖ್ಯ.

ಶುರು ಮಾಡಲು ಸ್ಪ್ರೆಡ್‌ಶೀಟ್‌ಗಿಂತ ಸುಲಭದ್ದು ಇಲ್ಲ. ಲಿಂಕ್ ಕಳಿಸಿದರೆ ಸಾಕು, ಯಾರು ಬೇಕಾದರೂ ಒಂದು ಸಾಲು ತುಂಬಬಹುದು. ತೊಂದರೆ ಶುರುವಾಗುವುದು ಲೈಸೆನ್ಸ್ ಕಾಲಂನಲ್ಲಿ, ಅಂದರೆ ಗೇಮ್ ಅನ್ನು ಯಾವ ಷರತ್ತಿನ ಮೇಲೆ ಬಳಸಬಹುದು, ಹಂಚಬಹುದು ಎಂದು ಬರೆಯುವ ಕಡೆ. ಒಬ್ಬರು ‘ಜಿಪಿಎಲ್’ (ಒಂದು ಹೆಸರಾಂತ ಮುಕ್ತ ಲೈಸೆನ್ಸ್) ಅಂತ ಬರೆದರೆ ಇನ್ನೊಬ್ಬರು ‘ಜಿಪಿಎಲ್ 2’ ಅಂತಾರೆ, ಮತ್ತೊಬ್ಬರು ಸುಮ್ನೆ ‘ಫ್ರೀ’ ಅಂತ ಹಾಕಿ ಹೋಗ್ತಾರೆ. ಅದಕ್ಕಿಂತ ಜಾಸ್ತಿ ತಲೆನೋವು ಎಂದರೆ, ಎಷ್ಟೋ ಗೇಮ್‌ಗಳಿಗೆ ಒಂದೇ ಲೈಸೆನ್ಸ್ ಇರುವುದಿಲ್ಲ. ಝೀರೋ ಎ.ಡಿ.ಯ ಕೋಡ್ ಜಿಪಿಎಲ್, ಚಿತ್ರ ಮತ್ತು ಸಂಗೀತ ಕ್ರಿಯೇಟಿವ್ ಕಾಮನ್ಸ್ ಎಂಬ ಬೇರೆ ಲೈಸೆನ್ಸ್. ಅರ್-ಕ್ವಾನ್ ಮಾಸ್ಟರ್ಸ್ ಕೋಡ್ ಕೂಡ ಜಿಪಿಎಲ್, ಆದರೆ ಅದರ ಚಿತ್ರ, ಧ್ವನಿಗಳನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಡೂಮ್‌ನ ಕೋಡ್ 1997ರಲ್ಲಿ ಹೊರಬಂತು, 1999ರಲ್ಲಿ ಜಿಪಿಎಲ್ ಆಯಿತು. ಅದರ ಮೂಲ ಲೆವೆಲ್‌ಗಳು, ಚಿತ್ರಗಳು ಮುಕ್ತವಾಗಲಿಲ್ಲ. ಆ ಕೊರತೆ ತುಂಬಲೆಂದೇ ಫ್ರೀಡೂಮ್ ಯೋಜನೆ ಇದೆ. ಹಾಗಾದರೆ ಡೂಮ್ ನಮ್ಮ ಪಟ್ಟಿಗೆ ಸೇರಬೇಕಾ ಬೇಡ್ವಾ? ಇದಕ್ಕೆ ಉತ್ತರ ಶೀಟ್‌ನ ಒಂದು ಚೌಕದಲ್ಲಿ ಹಿಡಿಸುವುದಿಲ್ಲ.

ವಿಕಿಯಲ್ಲಿ ಹಿಡಿಸುತ್ತದೆ. ವಿವರಿಸಲು ಜಾಗವಿದೆ, ಚರ್ಚೆಗೆ ಬೇರೆಯೇ ಪುಟವಿದೆ. ನೆಕ್ಸ್ಯೂಯಿಝ್ ಗೇಮ್‌ನಿಂದ ಬೇರ್ಪಟ್ಟು ಝೋನಾಟಿಕ್ ಏಕೆ ಹುಟ್ಟಿತು ಎಂಬ ಕಥೆಯನ್ನು ನೆಮ್ಮದಿಯಾಗಿ ಬರೆಯಬಹುದು. 2024ರಲ್ಲಿ ಮೈನ್‌ಟೆಸ್ಟ್ ಹೆಸರು ಲುವಾಂಟಿ ಎಂದು ಬದಲಾದಾಗ ವಿಕಿಯಲ್ಲಿ ಹಳೆಯ ಹೆಸರಿನಿಂದ ಹೊಸ ಪುಟಕ್ಕೆ ಒಯ್ಯುವ ಒಂದು ರೀಡೈರೆಕ್ಟ್ ಹಾಕಿದರೆ ಕೆಲಸ ಮುಗಿಯಿತು. ಓದಲು ನನಗೆ ಇಂದಿಗೂ ವಿಕಿಯೇ ಇಷ್ಟ. ಆದರೆ ‘ಚಿತ್ರಗಳ ಲೈಸೆನ್ಸ್ ಯಾವುದೆಂದು ಗೊತ್ತಿಲ್ಲದ ಗೇಮ್‌ಗಳೆಲ್ಲ ಯಾವುವು?’ ಎಂದು ಕೇಳಿದರೆ ಮಾಮೂಲಿ ವಿಕಿ ಉತ್ತರ ಕೊಡುವುದಿಲ್ಲ. ಪುಟ ಪುಟವನ್ನೂ ತೆರೆದು ನೋಡಬೇಕು. ಜೊತೆಗೆ ಸ್ಪ್ಯಾಮ್ ಕಾಟ.

ಗಿಟ್‌ನಲ್ಲಿ ಒಂದು ಗೇಮ್‌ಗೆ ಒಂದು ಟೆಕ್ಸ್ಟ್ ಫೈಲ್ ಇಡುತ್ತೇವೆ. ಕೋಡ್ ಲೈಸೆನ್ಸ್, ಚಿತ್ರ-ಧ್ವನಿಯ ಲೈಸೆನ್ಸ್, ಸೋರ್ಸ್ ಎಲ್ಲಿದೆ, ಕೊನೆಗೆ ಪರೀಕ್ಷಿಸಿದ್ದು ಯಾವಾಗ, ಹೀಗೆ ಎಲ್ಲಕ್ಕೂ ಬೇರೆ ಬೇರೆ ಸಾಲು. ಲೈಸೆನ್ಸ್ ಹೆಸರಿಗೆ ಎಸ್‌ಪಿಡಿಎಕ್ಸ್ ಗುರುತುಗಳನ್ನೇ (ಪ್ರತಿ ಲೈಸೆನ್ಸ್‌ಗೂ ನಿಗದಿಯಾದ ಚಿಕ್ಕ ಹೆಸರುಗಳು) ಬಳಸಬೇಕು ಎಂಬ ನಿಯಮ ಇಟ್ಟರೆ, ತಪ್ಪು ಬರೆದದ್ದನ್ನು ಸ್ಕ್ರಿಪ್ಟ್ (ತಾನೇ ಪರೀಕ್ಷಿಸುವ ಸಣ್ಣ ಪ್ರೋಗ್ರಾಂ) ತಕ್ಷಣ ಹಿಡಿಯುತ್ತದೆ. ಓಪನ್ ಸೋರ್ಸ್ ಗೇಮ್ ಕ್ಲೋನ್ಸ್ ಎಂಬ ಪಟ್ಟಿಯ ಮಾಹಿತಿಯೂ ಯಾಮಲ್ ಎಂಬ ಮಾದರಿಯ ಟೆಕ್ಸ್ಟ್ ಫೈಲ್‌ಗಳಲ್ಲೇ ಇದೆ.

ದೊಡ್ಡ ಲಾಭ ಲಿಂಕ್‌ಗಳದ್ದು. ಕೋಡ್ ಇಡುವ ತಾಣಗಳಲ್ಲಿ 2015ರಲ್ಲಿ ಗಿಟೋರಿಯಸ್, ಮರುವರ್ಷ ಗೂಗಲ್ ಕೋಡ್ ಮುಚ್ಚಿದವು. ಅಲ್ಲಿದ್ದ ಪ್ರಾಜೆಕ್ಟ್‌ಗಳು ಬೇರೆಡೆಗೆ ಹೋದವು, ಇಲ್ಲವೇ ಕಳೆದುಹೋದವು. ಸತ್ತ ಲಿಂಕ್‌ಗಳನ್ನು ಸ್ಕ್ರಿಪ್ಟ್ ತಾನೇ ಹುಡುಕಿ ಕೊಡುತ್ತದೆ. ಆದರೆ ಪೂರ್ತಿ ಅದನ್ನೇ ನಂಬಬೇಡಿ. ಹಳೆಯ ಡೊಮೇನ್ ಬೇರೆಯವರ ಕೈಗೆ ಹೋಗಿದ್ದರೂ ಲಿಂಕ್ ತೆರೆದುಕೊಳ್ಳುತ್ತದೆ, ಅಲ್ವಾ? ಕೊನೆಯ ಕಮಿಟ್ (ಕೋಡ್‌ನಲ್ಲಿ ದಾಖಲಾದ ಬದಲಾವಣೆ) ಹಳೆಯದು ಎಂಬ ಒಂದೇ ಕಾರಣಕ್ಕೆ ಗೇಮ್ ಸತ್ತಿದೆ ಎಂದು ಬರೆಯುವುದೂ ಅನ್ಯಾಯ. ಕೆಲವು ಗೇಮ್‌ಗಳು ನಿಂತುಹೋಗಿಲ್ಲ, ಅವುಗಳ ಕೆಲಸ ಪೂರ್ತಿಯಾಗಿದೆ ಅಷ್ಟೇ. ಇವತ್ತಿನ ಸಿಸ್ಟಂನಲ್ಲಿ ಬಿಲ್ಡ್ ಆಗುತ್ತದಾ, ಅಂದರೆ ಕೋಡ್‌ನಿಂದ ಆಡಬಹುದಾದ ಗೇಮ್ ತಯಾರಾಗುತ್ತದಾ ಎಂದು ಒಬ್ಬರು ಕೂತು ನೋಡಲೇಬೇಕು.

ಮಾಹಿತಿ ಯಾವಾಗ ಬದಲಾಯಿತು ಅನ್ನುವುದೂ ಗಿಟ್‌ನಲ್ಲಿ ಸಾಲು ಸಾಲಾಗಿ ಸಿಗುತ್ತದೆ. ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್ ಗೇಮ್‌ನ ಮುಕ್ತ ರೂಪವಾದ ಓಪನ್‌ಟಿಟಿಡಿಗೆ ಮೊದಲು ಮೂಲ ಗೇಮ್‌ನ ಫೈಲ್‌ಗಳು ಬೇಕಿದ್ದವು. ಓಪನ್‌ಜಿಎಫ್‌ಎಕ್ಸ್‌ನಂಥ ಮುಕ್ತ ಚಿತ್ರ-ಧ್ವನಿಯ ಸೆಟ್‌ಗಳು ಬಂದ ಮೇಲೆ, 2010ರ 1.0 ಆವೃತ್ತಿಯ ಹೊತ್ತಿಗೆ ಅವಿಲ್ಲದೆಯೂ ಆಡಬಹುದಾಯಿತು. ಇಂಥ ಬದಲಾವಣೆ ದಾಖಲಾಗದಿದ್ದರೆ ಪಟ್ಟಿ ಓದುಗರಿಗೆ ಸುಳ್ಳು ಹೇಳುತ್ತದೆ.

ಗಿಟ್‌ನ ಕೊರತೆ ಒಂದೇ, ಆದರೆ ದೊಡ್ಡದು. ಗೇಮ್‌ಗಳನ್ನು ಚೆನ್ನಾಗಿ ಬಲ್ಲವರು ಎಷ್ಟೋ ಜನ ಪುಲ್ ರಿಕ್ವೆಸ್ಟ್ (ಗಿಟ್‌ನಲ್ಲಿ ಬದಲಾವಣೆ ಸೂಚಿಸುವ ಕ್ರಮ) ಅಂದ ಕೂಡಲೇ ಹಿಂದೆ ಸರಿಯುತ್ತಾರೆ. ಅವರನ್ನು ಬಿಟ್ಟರೆ ಪಟ್ಟಿಗೆ ಜೀವವಿಲ್ಲ. ಅದಕ್ಕೇ ಮುಂದೊಂದು ಸಣ್ಣ ಫಾರ್ಮ್ ಇಟ್ಟು, ಬಂದದ್ದನ್ನು ನಮ್ಮಲ್ಲೊಬ್ಬರು ಫೈಲ್ ಮಾಡುತ್ತೇವೆ. ನನ್ನ ಆಯ್ಕೆ ಫಾರ್ಮ್ ಮತ್ತು ಗಿಟ್‌ನ ಈ ಜೋಡಿಯೇ. ಇಬ್ಬರೇ ಸೇರಿ ಚಿಕ್ಕ ಪಟ್ಟಿ ನಡೆಸುವುದಾದರೆ ಶೀಟ್ ಸಾಕು, ಆಗಾಗ ಸಿಎಸ್‌ವಿ (ಸರಳ ಟೆಕ್ಸ್ಟ್) ಪ್ರತಿ ತೆಗೆದಿಡಿ.

ಯಾವುದನ್ನೇ ಆರಿಸಿದರೂ ಪಟ್ಟಿಗೂ ಒಂದು ಮುಕ್ತ ಲೈಸೆನ್ಸ್ ಹಾಕಿ. ಲಿನಕ್ಸ್ ಗೇಮ್ ಟೋಮ್‌ನಂಥ ಹೆಸರಾಂತ ಗೇಮ್ ಪಟ್ಟಿಯ ತಾಣವೇ 2013ರಲ್ಲಿ ನಿಂತಿತು. ಮಾಹಿತಿ ಸಿಸಿ0 (ಹಕ್ಕುಗಳನ್ನೆಲ್ಲ ಬಿಟ್ಟುಕೊಡುವ ಲೈಸೆನ್ಸ್) ಅಡಿಯಲ್ಲಿದ್ದರೆ, ನಾವು ನಿಲ್ಲಿಸಿದ ಮೇಲೂ ಕ್ಲೋನ್ (ಪೂರ್ತಿ ನಕಲು) ಮಾಡಿಕೊಂಡವರು ಯಾರ ಅನುಮತಿಗೂ ಕಾಯದೆ ಮುಂದುವರಿಸಬಹುದು.