ವಿಎನ್‌ಎಸ್ ಸಾಧನ, ಐದು ವರ್ಷದ ಬಳಕೆಯ ನಂತರ: ಮ್ಯಾಗ್ನೆಟ್‌ಗೆ ಪೂರ್ಣ ಅಂಕ, ಉಳಿದದ್ದಕ್ಕೆ ಅಷ್ಟಿಲ್ಲ

ಬಿಎಂಟಿಸಿ ಬಸ್ಸಿನಲ್ಲಾಗಲಿ ಮದುವೆ ಛತ್ರದಲ್ಲಾಗಲಿ ಯಾರಿಗಾದರೂ ಫಿಟ್ಸ್ ಬಂದರೆ ಸುತ್ತಲಿದ್ದವರು ಮೊದಲು ಹುಡುಕುವುದು ಬೀಗದ ಕೈ. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಎಂಬ ನಂಬಿಕೆ. ಬೀಗದ ಕೈಯಿಂದ ಏನೂ ಆಗುವುದಿಲ್ಲ. ಬಹಳಷ್ಟು ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತವೆ, ಹೆಸರು ಮಾತ್ರ ಕಬ್ಬಿಣಕ್ಕೆ ಹೋಗುತ್ತದೆ. ಆದರೆ ಏನಾದರೂ ಮಾಡಬೇಕು ಎಂಬ ಆ ಕೈಗಳ ಚಡಪಡಿಕೆ ನಿಜವಾದದ್ದು. ಆ ಕೈಗೆ ಅರ್ಥವಿರುವ ಒಂದು ಕೆಲಸ ಕೊಡುವುದು ವಿಎನ್‌ಎಸ್, ಅಂದರೆ ಫಿಟ್ಸ್ ತಗ್ಗಿಸಲು ಕುತ್ತಿಗೆಯ ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸುವ, ಮೈಯೊಳಗೆ ಕೂರಿಸುವ ಸಾಧನದ ಜೊತೆಗೆ ಬರುವ ಪುಟ್ಟ ಮ್ಯಾಗ್ನೆಟ್. ಇಡೀ ಸಾಧನದಲ್ಲಿ ಅತ್ಯಂತ ಇಷ್ಟವಾದ ಭಾಗವೂ ಅದೇ.

ಎಡ ಎದೆಯಲ್ಲಿ ಚರ್ಮದ ಕೆಳಗೆ ಬ್ಯಾಟರಿಯಿಂದ ನಡೆಯುವ ಜನರೇಟರ್, ಅಲ್ಲಿಂದ ಕುತ್ತಿಗೆಯ ಎಡ ವೇಗಸ್ ನರಕ್ಕೆ ಹೋಗುವ ತಂತಿ, ಅದರ ತುದಿಯಲ್ಲಿ ನರಕ್ಕೆ ಬಳ್ಳಿಯಂತೆ ಸುತ್ತಿಕೊಳ್ಳುವ ಮೂರು ಸುರುಳಿ. ಬಲಗಡೆಯ ನರ ಹೃದಯದ ಲಯವನ್ನು ಹೆಚ್ಚು ಹಿಡಿತದಲ್ಲಿಟ್ಟುಕೊಂಡಿರುವುದರಿಂದ ಎಡಗಡೆಯದ್ದನ್ನೇ ಆರಿಸುತ್ತಾರೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ 30 ಸೆಕೆಂಡ್ ಪ್ರಚೋದನೆ, 5 ನಿಮಿಷ ವಿರಾಮ. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 260 ಸಲ, ನಿದ್ದೆಯಲ್ಲೂ.

ಮ್ಯಾಗ್ನೆಟ್ ಬಳಸುವ ಕ್ರಮ ಹೀಗೆ. ಫಿಟ್ಸ್ ಶುರುವಾಯಿತು ಎಂದ ತಕ್ಷಣ, ಅಥವಾ ಮುನ್ಸೂಚನೆ ಸಿಕ್ಕವರು ಆಗಲೇ, ಬಟ್ಟೆಯ ಮೇಲಿಂದಲೇ ಜನರೇಟರ್ ಮೇಲೆ ಮ್ಯಾಗ್ನೆಟ್ ತಂದು, 'ಒಂದು' ಎಂದು ನಿಧಾನವಾಗಿ ಹೇಳುವಷ್ಟು ಹೊತ್ತು ಇಟ್ಟು, ದೂರ ತೆಗೆಯಬೇಕು. ತೆಗೆದ ಮೇಲೇ ಪ್ರಚೋದನೆ ಹೊರಡುವುದು. ಸಾಮಾನ್ಯವಾಗಿ ಇದು ಮಾಮೂಲಿಗಿಂತ 0.25 ಮಿಲಿಆಂಪಿಯರ್ ಹೆಚ್ಚು, 60 ಸೆಕೆಂಡಿನದ್ದು. ಎಲ್ಲರೂ ತಪ್ಪುವುದು ಇಲ್ಲೇ. ಗಾಬರಿಯಲ್ಲಿ ಮ್ಯಾಗ್ನೆಟ್ಟನ್ನು ಎದೆಗೆ ಒತ್ತಿ ಹಿಡಿದುಬಿಡುತ್ತಾರೆ. ಒತ್ತಿ ಹಿಡಿದಷ್ಟು ಹೊತ್ತೂ ಸಾಧನ ನಿಂತಿರುತ್ತದೆ, ಅಂದರೆ ಬೇಕಾದ ಹೊತ್ತಿನಲ್ಲೇ ಚಿಕಿತ್ಸೆ ಬಂದ್. ಮನೆಯವರಿಗೆ, ಶಾಲೆಯ ಮೇಷ್ಟ್ರಿಗೆ, ಪಕ್ಕದ ಮನೆ ಆಂಟಿಗೆ ಹೇಳಿಕೊಡುವಾಗ 'ಇಡಿ' ಎನ್ನಬೇಡಿ, 'ಸವರಿ ತೆಗೆಯಿರಿ' ಎನ್ನಿ. ಮೊದಲ ನಿಮಿಷ ಮುಗಿದರೂ ನಿಲ್ಲದಿದ್ದರೆ ಇನ್ನೊಮ್ಮೆ ಸವರಬಹುದು. ಮಗ್ಗುಲಿಗೆ ಮಲಗಿಸುವುದು, ಬಾಯಿಗೆ ಏನೂ ಹಾಕದಿರುವುದು, ಐದು ನಿಮಿಷ ದಾಟಿದರೆ ವೈದ್ಯರು ಬರೆದುಕೊಟ್ಟ, ಫಿಟ್ಸ್ ನಿಲ್ಲಿಸುವ ಮಿಡಜೋಲಾಂ ಸ್ಪ್ರೇಯನ್ನು ಮೂಗಿಗೆ ಹಾಕಿ 108ಕ್ಕೆ ಕರೆ ಮಾಡುವುದು, ಇವು ಯಾವುವೂ ಮ್ಯಾಗ್ನೆಟ್ ಬಂತೆಂದು ತಪ್ಪುವುದಿಲ್ಲ.

ಮ್ಯಾಗ್ನೆಟ್‌ನ ಇನ್ನೊಂದು ಕೆಲಸ ದಿನದ ಪರೀಕ್ಷೆ. ಬೆಳಿಗ್ಗೆ ಕಾಫಿಗೆ ಮೊದಲು, ಮಾತ್ರೆ ಡಬ್ಬಿ ತೆಗೆಯುವ ಹೊತ್ತಿಗೆ, ಒಮ್ಮೆ ಸವರಿ ತೆಗೆದು ಎರಡರ ಮಗ್ಗಿ ಹೇಳಿಸಿ. ಎರಡೊಂದ್ಲ ಎರಡು ನೆಟ್ಟಗೆ ಬಂದು, ನಾಲ್ಕೈದು ಸಾಲಿನೊಳಗೆ ದನಿ ಗೊಗ್ಗರಾದರೆ ಸಾಧನ ಕೆಲಸ ಮಾಡುತ್ತಿದೆ. ಧ್ವನಿಪೆಟ್ಟಿಗೆಗೆ ಹೋಗುವ ಕವಲು ಈ ನರದಿಂದಲೇ ಹೊರಡುವುದರಿಂದ ದನಿ ಬದಲಾಗುತ್ತದೆ. ಮಕ್ಕಳಿಗೆ ಇದು ಆಟ. ಹಿರಿಯರಲ್ಲಿ ಕೆಲವರು ಮಗ್ಗಿಯ ಬದಲು ಶ್ಲೋಕ ಹೇಳುತ್ತಾರೆ, ಅದೂ ಸರಿಯೇ, ದಿನವೂ ಅದೇ ಸಾಲುಗಳಿದ್ದರೆ ವ್ಯತ್ಯಾಸ ಕಿವಿಗೆ ಬೇಗ ಸಿಗುತ್ತದೆ. ನಿನ್ನೆಯವರೆಗೆ ಒಡೆಯುತ್ತಿದ್ದ ದನಿ ಇವತ್ತು ಒಡೆಯದಿದ್ದರೆ ಬ್ಯಾಟರಿ ಮುಗಿದಿರಬಹುದು, ತಂತಿ ತುಂಡಾಗಿರಬಹುದು, ಇಲ್ಲವೇ ಗಂಟಲು ಆ ಮಟ್ಟಕ್ಕೆ ಒಗ್ಗಿಕೊಂಡಿರಬಹುದು. ಯಾವುದು ಎಂದು ಕ್ಲಿನಿಕ್ಕಿನಲ್ಲಿ ಎದೆಯ ಮೇಲೆ ವಾಂಡ್ (ಸಾಧನವನ್ನು ಹೊರಗಿನಿಂದ ಓದುವ ಉಪಕರಣ) ಇಟ್ಟು ತಂತಿಯ ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಎಷ್ಟು ತಡೆಯಿದೆ ಎಂದು ನೋಡಿದರೆ ಗೊತ್ತಾಗುತ್ತದೆ.

ಒತ್ತಿ ಹಿಡಿದರೆ ನಿಲ್ಲುವ ಗುಣವೂ ಉಪಯೋಗಕ್ಕೆ ಬರುತ್ತದೆ. ಶಾಲೆಯಲ್ಲಿ ಪದ್ಯ ಹೇಳುವ ಮಗು, ಕಚೇರಿಯಲ್ಲಿ ಪ್ರೆಸೆಂಟೇಷನ್ ಕೊಡುವವರು ಆ ಕೆಲವು ನಿಮಿಷ ಮ್ಯಾಗ್ನೆಟ್ಟನ್ನು ಟೇಪ್ ಹಾಕಿ ಅಂಟಿಸಿಕೊಳ್ಳಬಹುದು. ನುಂಗಲು ಮೊದಲೇ ಕಷ್ಟವಿರುವ ಮಕ್ಕಳಿಗೆ ಊಟದ ಹೊತ್ತಿನಲ್ಲಿ ಹೀಗೆ ನಿಲ್ಲಿಸಬೇಕೇ ಎಂದು ವೈದ್ಯರನ್ನು ತಪ್ಪದೆ ಕೇಳಿ, ಪ್ರಚೋದನೆಯ ವೇಳೆ ಗಂಜಿ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.

ಪೆಟ್ಟಿಗೆಯಲ್ಲಿ ಎರಡು ಮ್ಯಾಗ್ನೆಟ್ ಬರುತ್ತವೆ. ಒಂದು ಕೈಗಡಿಯಾರದಂತೆ ಕಟ್ಟಿಕೊಳ್ಳುವುದು, ಇನ್ನೊಂದು ಬೆಲ್ಟಿಗೆ ಸಿಕ್ಕಿಸುವುದು. ಒಂದು ಮೈಮೇಲೆ, ಒಂದು ಶಾಲೆಯಲ್ಲೋ ಆಫೀಸಿನಲ್ಲೋ ಇರಲಿ. ಎರಡೂ ಒಂದೇ ಬ್ಯಾಗಿನಲ್ಲಿದ್ದರೆ ಬ್ಯಾಗ್ ಮರೆತ ದಿನ ಎರಡೂ ಇಲ್ಲ. ಎಟಿಎಂ ಕಾರ್ಡಿನ ಕಪ್ಪು ಪಟ್ಟಿಯಿಂದ, ಮೊಬೈಲಿನಿಂದ 25 ಸೆಂಟಿಮೀಟರ್ ದೂರವಿಡಿ. ಈ ಎಚ್ಚರ ಎದೆಯ ಸಾಧನಕ್ಕೂ ಅನ್ವಯಿಸುತ್ತದೆ: ಮ್ಯಾಗ್ನೆಟ್ ಇರುವ ಟ್ಯಾಬ್ಲೆಟ್ ಕವರ್, ಸ್ಪೀಕರ್, ಹಿಂಬದಿಯಲ್ಲಿ ಮ್ಯಾಗ್ನೆಟ್ ಉಂಗುರವಿರುವ ಫೋನು ಎಡ ಜೇಬಿನಲ್ಲಿ ಬೇಡ.

ಇಲ್ಲಿಂದ ಮುಂದೆ ಅಸಮಾಧಾನ.

ಶಸ್ತ್ರಚಿಕಿತ್ಸೆಯ ಸುಮಾರು ಎರಡು ವಾರದ ನಂತರ ಸಾಧನವನ್ನು 0.25 ಮಿಲಿಆಂಪಿಯರ್‌ಗೆ ಆನ್ ಮಾಡುತ್ತಾರೆ. ಪ್ರತಿ ಭೇಟಿಗೆ 0.25ರಂತೆ ಏರಿಸುತ್ತಾ 1.5ರ ಆಸುಪಾಸಿಗೆ ಬಂದ ಮೇಲೆ ಪೂರ್ತಿ ಚಿಕಿತ್ಸೆ ಎನ್ನಬಹುದು. ಅಂದರೆ ಆನ್ ಮಾಡಿದ ಮೇಲೆ ಐದು ಮೆಟ್ಟಿಲು. ಹದಿನೈದು ದಿನಕ್ಕೊಂದು ಭೇಟಿಯಾದರೆ ಎರಡೂವರೆ ತಿಂಗಳು. ಒಪಿಡಿಯ ಸರದಿ, ರಜೆ, ಸಿಲ್ಕ್ ಬೋರ್ಡ್ ಟ್ರಾಫಿಕ್ ಎಲ್ಲ ಸೇರಿ ಮೂರು ತಿಂಗಳಿಗೊಂದು ಭೇಟಿಯಾದರೆ ಒಂದೂಕಾಲು ವರ್ಷ. ಲಕ್ಷಗಟ್ಟಲೆ ಸುರಿದ ಸಾಧನ ಅಷ್ಟು ಕಾಲ ಅರೆಹೊಟ್ಟೆಯಲ್ಲಿ ದುಡಿಯುತ್ತಿರುತ್ತದೆ. ಮನೆಯವರು 'ಇದರಿಂದ ಏನೂ ಪ್ರಯೋಜನವಾಗಲಿಲ್ಲ' ಎಂದು ಕೈಚೆಲ್ಲುವುದು ಬಹುಪಾಲು ಈ ಹೊತ್ತಿನಲ್ಲೇ, ನೋಡಲು ಸಂಕಟವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಮೂರು ತಿಂಗಳ ಪ್ರೋಗ್ರಾಮಿಂಗ್ ದಿನಾಂಕಗಳನ್ನು ಬರೆಸಿಕೊಳ್ಳಿ. ಸೆಂಟಿವಾ ಎಂಬ ವಿಎನ್‌ಎಸ್ ಮಾದರಿಯಲ್ಲಿ ಏರಿಕೆಯನ್ನು ಮುಂಚಿತವಾಗಿಯೇ ತುಂಬಿ ಮನೆಯಲ್ಲೇ ತಾನಾಗಿ ಏರುವಂತೆ ಇಡಬಹುದು, ಬೆಂಗಳೂರಿಗೆ ದೂರದ ಊರಿನಿಂದ ಬರುವವರು ಇದನ್ನು ಕೇಳಲೇಬೇಕು. ಪ್ರತಿ ಭೇಟಿಯ ನಂತರ ಎಷ್ಟಕ್ಕೆ ಏರಿಸಿದರು ಎಂದು ಫಿಟ್ಸ್ ಬರೆಯುವ ಡೈರಿಯಲ್ಲೇ ಗುರುತು ಹಾಕಿ.

ಪೂರ್ತಿ ಏರಿದ ಮೇಲೂ ನಿರೀಕ್ಷೆ ಹದದಲ್ಲಿರಲಿ. ಹಾಕಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದೆರಡು ವರ್ಷದಲ್ಲಿ ಫಿಟ್ಸ್ ಸಂಖ್ಯೆ ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಪೂರ್ತಿ ನಿಲ್ಲುವುದು ಕೆಲವರಿಗೆ ಮಾತ್ರ. ಮಾತ್ರೆ ಮುಂದುವರಿಯುತ್ತದೆ. ಸರಿಯಾಗಿ ಆರಿಸಿದ ಎರಡು ಔಷಧಿ ಸೋತು, ವಿಡಿಯೋ ಇಇಜಿ (ವಿಡಿಯೋ ಜೊತೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ), ಎಂಆರ್‌ಐ ಎಲ್ಲ ಆಗಿ, ಫಿಟ್ಸ್ ಹುಟ್ಟುವ ಜಾಗವನ್ನು ತೆಗೆಯಲು ಸಾಧ್ಯವಿಲ್ಲ ಎಂದು ಖಚಿತವಾದವರಿಗೆ ಇದು. ತೆಗೆಯಬಹುದಾದ ಜಾಗವಿದ್ದರೆ ಆ ಶಸ್ತ್ರಚಿಕಿತ್ಸೆಯೇ ಮೊದಲು. ಅದನ್ನು ಪರೀಕ್ಷಿಸದೆ ನೇರವಾಗಿ ಸಾಧನದ ಮಾತು ಬಂದರೆ ನಿಮ್ಹಾನ್ಸ್‌ನಂಥ ಕಡೆ ಇನ್ನೊಂದು ಅಭಿಪ್ರಾಯ ತೆಗೆದುಕೊಳ್ಳಿ.

ಕೆಮ್ಮು, ಗಂಟಲ ಕಚಗುಳಿ, ಗೊಗ್ಗರು ದನಿ ತಿಂಗಳು ಕಳೆದಂತೆ ಕಡಿಮೆಯಾಗುತ್ತವೆ. ಗೊರಕೆ ಹಾಗಲ್ಲ. ಮೊದಲೇ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ) ಇರುವವರಿಗೆ ಹೆಚ್ಚಾಗಬಹುದು, ನಿದ್ದೆ ಕೆಟ್ಟರೆ ಫಿಟ್ಸೂ ಹೆಚ್ಚು.

ಇನ್ನು ದುಡ್ಡು. ಬ್ಯಾಟರಿಯನ್ನು ಚಾರ್ಜ್ ಮಾಡಲಾಗದು. ಮುಗಿದರೆ ಎದೆಯ ಗಾಯ ಮತ್ತೆ ತೆರೆದು ಇಡೀ ಜನರೇಟರ್ ಬದಲಿಸಬೇಕು, ತಂತಿ ಚೆನ್ನಾಗಿದ್ದರೆ ಕುತ್ತಿಗೆ ಮುಟ್ಟುವುದಿಲ್ಲ. ಎಷ್ಟು ವರ್ಷ ಬಾಳುತ್ತದೆ ಎಂಬುದು ಕರೆಂಟ್ ಎಷ್ಟು, ವಿರಾಮ ಎಷ್ಟು, ಹೃದಯಬಡಿತ ಏರಿದಾಗ ತಾನಾಗಿ ಪ್ರಚೋದಿಸುವ ಆಟೋಸ್ಟಿಮ್ ಎಷ್ಟು ಸಲ ಹೊಡೆಯುತ್ತದೆ ಎಂಬುದರ ಮೇಲೆ ನಿಂತಿದೆ. ವಿಮೆಯವರು ಒಪ್ಪಲೇಬೇಕಾದ ಆಧುನಿಕ ಚಿಕಿತ್ಸೆಗಳೆಂದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ 12ರ ಪಟ್ಟಿಯಲ್ಲಿ ಡೀಪ್ ಬ್ರೇನ್ ಸ್ಟಿಮ್ಯುಲೇಷನ್ (ಮೆದುಳಿನೊಳಗೆ ತಂತಿ ಇಳಿಸಿ ಪ್ರಚೋದಿಸುವುದು) ಹೆಸರಿದೆ, ವಿಎನ್‌ಎಸ್ ಹೆಸರಿಲ್ಲ. ಆದ್ದರಿಂದ ಮೊದಲ ಸಾಧನಕ್ಕೆ ಮಾತ್ರವಲ್ಲ, ಬದಲಿ ಜನರೇಟರ್‌ಗೂ ಒಪ್ಪಿಗೆ ಇದೆಯೇ ಎಂದು ವಿಮೆಯವರಿಂದ ಲಿಖಿತ ಉತ್ತರ ಪಡೆಯಿರಿ. ಕೌಂಟರಿನಲ್ಲಿ ಬಾಯಿಮಾತಿನ 'ಆಗುತ್ತೆ ಸರ್' ನೆಚ್ಚಬೇಡಿ.

ನಮ್ಮ ಮೆಟ್ರೋ ಬಾಗಿಲಲ್ಲಿ ಸಾಧನದ ಗುರುತಿನ ಚೀಟಿ ತೋರಿಸಿ, ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಎಡ ಎದೆಯ ಮೇಲೆ ಆಡಿಸಬೇಡಿ ಎಂದರೆ ಸಾಕು. ಹೆಚ್ಚಿನ ಎಚ್ಚರ ಬೇಕಾದದ್ದು ಫಿಸಿಯೋಥೆರಪಿ ಅಂಗಡಿಗಳಲ್ಲಿ. ಭುಜ ನೋವಿಗೆ, ಮಂಡಿ ನೋವಿಗೆ ಶಾರ್ಟ್‌ವೇವ್ ಡಯಾಥರ್ಮಿ, ಅಲ್ಟ್ರಾಸೌಂಡ್ ಶಾಖ ಕೊಡುವುದು ಅಲ್ಲಿ ಮಾಮೂಲು. ಸಾಧನ ಇರುವವರಿಗೆ ಮೈಯ ಯಾವ ಭಾಗಕ್ಕೂ ಅದು ಕೂಡದು, ತಂತಿ ಕಾದು ನರ ಸುಡಬಹುದು. ರೋಗ ಪತ್ತೆಗೆ ಮಾಡುವ ಹೊಟ್ಟೆಯ ಸ್ಕ್ಯಾನಿಂಗ್ ಬೇರೆ, ಅದರಿಂದ ತೊಂದರೆಯಿಲ್ಲ.

ಎಂಆರ್‌ಐಗೆ ಮೊದಲು ಮಾದರಿ ಸಂಖ್ಯೆ ತಿಳಿಸಿ, ಷರತ್ತು ಮಾದರಿಗೆ ತಕ್ಕಂತೆ ಬದಲಾಗುತ್ತದೆ. ಒಳಹೋಗುವ ಮುನ್ನ ಕರೆಂಟನ್ನು ಸೊನ್ನೆಗೆ ಇಳಿಸಿ, ಮ್ಯಾಗ್ನೆಟ್ ಮೋಡನ್ನೂ ಆಫ್ ಮಾಡುತ್ತಾರೆ. ಮ್ಯಾಗ್ನೆಟ್ಟನ್ನು ಆ ಕೊಠಡಿಯೊಳಗೆ ಒಯ್ಯುವಂತಿಲ್ಲ, ಜೊತೆಗೆ ಬಂದವರ ಕೈಗೆ ಕೊಡಿ. ಸ್ಕ್ಯಾನ್ ಮುಗಿದ ಮೇಲೆ ಹಳೆಯ ಸೆಟ್ಟಿಂಗ್ ಮರಳಿ ಹಾಕುವುದು ಮರೆತುಹೋಗುವುದುಂಟು. ಹೊರಗಿನಿಂದ ಅದು ಯಾರಿಗೂ ಕಾಣುವುದಿಲ್ಲ. ಪ್ರೋಗ್ರಾಮಿಂಗ್ ಆಯಿತು ಎಂದ ಮೇಲೆ, ಮನೆಗೆ ಆಟೋ ಹಿಡಿಯುವ ಮೊದಲು, ಕಾಯುವ ಕೋಣೆಯ ಕುರ್ಚಿಯಲ್ಲೇ ಒಮ್ಮೆ ಸವರಿ ತೆಗೆದು ಎರಡರ ಮಗ್ಗಿ ಹೇಳಿಸಿ.